ಗುಡ್ಡದ ಮೇಲಿಂದ ನಮ್ಮೂರು

ಕೋಟೆಯ ಬಾಗಿಲಲ್ಲಿ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು, ನಮ್ಮಕ್ಕ ಗಂಗವ್ವ ಗಜೇಂದ್ರಗಡದ ಗುಡ್ಡ ಹತ್ತುತ್ತಿದ್ದಳು. ನಾನು ಆಡಲಿಲ್ಲ. ಆಗ ಸಣ್ಣವಳಿದ್ದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ದೊಡ್ಡವಳಾದ ಮೇಲೂ, ಮಕ್ಕಳ ತಾಯಿಯಾದ ಮೇಲೂ, ತಲೆ ಪೂರ್ತಿ ಬೆಳ್ಳಗಾದ ಮೇಲೂ ಆಡಲಿಲ್ಲವಲ್ಲ, ಅದಕ್ಕೆ ಏನು ಹೇಳಲಿ?

ಹೊಸ ಕಣಿಕೆಯ ವಾಸನೆ ಬಂದರೆ ನನಗೆ ಇದೆಲ್ಲ ನೆನಪಾಗುತ್ತದೆ. ಜೋಳದ ರಾಶಿ ಮುಗಿದ ಹೊಸದರಲ್ಲಿ ದಂಟಿನೊಳಗೆ ಇನ್ನೂ ಒಂದಿಷ್ಟು ಹಸಿ ಉಳಿದಿರುತ್ತದೆ. ಬಿಸಿಲು ಬಿದ್ದಾಗ ಅದು ಸಿಹಿಯಾಗಿ, ಸ್ವಲ್ಪ ಧೂಳಾಗಿ, ಎತ್ತಿನ ಉಸಿರಿನ ಹಾಗೆ ಬೆಚ್ಚಗೆ ಮೂಗಿಗೆ ಬಡಿಯುತ್ತದೆ. ಈಗ ರೋಣದಲ್ಲಿ ನನ್ನ ಮನೆಯ ಮುಂದೆ ಟ್ರ್ಯಾಕ್ಟರಿನ ಮೇಲೆ ಕಣಿಕೆ ಹೇರಿಕೊಂಡು ಹೋಗುತ್ತಾರೆ. ಗಾಡಿ ದಾಟಿ ಹೋದ ಮೇಲೂ ವಾಸನೆ ಅಂಗಳದಲ್ಲಿ ನಿಂತಿರುತ್ತದೆ, ನಾನು ಕೈಯಲ್ಲಿನ ಕೆಲಸ ಬಿಟ್ಟು ಅದರ ಜೊತೆ ನಿಂತಿರುತ್ತೇನೆ. ನಿಮ್ಮಲ್ಲಿ ಯಾರಾದರೂ ಬಂಡಿಯಲ್ಲಿ ಕಣಿಕೆ ಹರವಿ, ಅದರ ಮೇಲೆ ಕೌದಿ ಹಾಸಿ, ಅಕ್ಕನ ಮಗ್ಗುಲಲ್ಲಿ ಮಲಗಿ ಆಕಾಶ ನೋಡುತ್ತ ಊರು ಬಿಟ್ಟು ಹೋಗಿದ್ದರೆ, ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಮನೆ ಅಬ್ಬಿಗೇರಿಯಲ್ಲಿತ್ತು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು, ನಮ್ಮ ಕಡೆ ಇನ್ನೂ ಮುಂಬೈ ಸರಕಾರ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟಿದ್ದೆ. ಅಕ್ಕ ಸಾಲಿಯ ಬಾಗಿಲನ್ನೇ ನೋಡಿರಲಿಲ್ಲ. ಆದರೆ ನೋಡಬೇಕು ಎನ್ನುವ ಆಸೆ ಅವಳಿಗಿದ್ದಷ್ಟು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದರೆ ಲಗೂನೆ ಇಳಿಯುತ್ತಿರಲಿಲ್ಲ. ಮಳೆ ಬಂದು ಹೋದ ಬೆಳಗಿನಲ್ಲಿ, ಕರಿ ಎರೆ ಹೊಲಗಳೆಲ್ಲ ಮುಗಿಯುವ ಕಡೆ, ನೀಲಿ ಗೆರೆಯ ಹಾಗೆ ಗಜೇಂದ್ರಗಡದ ಗುಡ್ಡ ಕಾಣುತ್ತಿತ್ತು. ಅದನ್ನು ನೋಡುತ್ತ ಅವಳು ಒಂದೇ ಮಾತು ಹೇಳುತ್ತಿದ್ದಳು: "ನೀಲಾ, ಇಲ್ಲಿಂದ ಅದು ಕಾಣತೈತಿ ಅಂದಮ್ಯಾಲೆ ಅಲ್ಲಿಂದ ನಮ್ಮೂರು ಕಾಣಬೇಕಲ್ಲ? ಒಮ್ಮೆ ಅಲ್ಲಿ ನಿಂತು ನಮ್ಮನಿ ಹುಡುಕಬೇಕು ನೋಡ."

ಆ ವರ್ಷ ಅವಳ ಮದುವೆ ಗೊತ್ತಾಯಿತು. ಗಂಡಿನ ಊರು ಸೊಲ್ಲಾಪುರದ ಆಚೆ. ಜೋಳದ ರಾಶಿ ಮುಗಿದಿತ್ತು, ಕುಸುಬಿ ಕಟಾವಿಗೆ ಇನ್ನೂ ಕೆಲವು ದಿನ ಇತ್ತು. ಒಂದು ಸಂಜೆ ಅಪ್ಪ ಊಟಕ್ಕೆ ಕೂತವನು, "ಬಂಡಿ ಕಟ್ಟಿಕೊಂಡು ಗುಡ್ಡದ ಕಡೆ ಹೋಗಿ ಬರೂಣು. ಅಲ್ಲೇ ಇಳಿದು ನಾಕ ದಿನ ಇರೂಣು" ಎಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇದ್ದ ಮನಿ ಬಿಟ್ಟು ಅಡವ್ಯಾಗ ಒಲಿ ಹೂಡಾಕ ನಾವೇನು ಕುರಿ ಕಾಯೋರೇನ್ರಿ?"

"ಗಂಗಿ ಕೊಟ್ಟ ಮನಿಗೆ ಹೋದಮ್ಯಾಲೆ ಅಕಿಗೆ ಯಾರು ತೋರಸ್ತಾರ? ನಮ್ಮ ಸೀಮಿ ಒಮ್ಮೆ ಕಣ್ಣ ತುಂಬ ನೋಡಿ ಹೋಗಲಿ."

ಅವ್ವನ ತಮ್ಮ ಬಸಣ್ಣಮಾಮ ಪಕ್ಕದಲ್ಲೇ ಕೂತಿದ್ದ. ಅವನಿಗೆ ನಗದೆ ತುತ್ತು ಇಳಿಯುತ್ತಿರಲಿಲ್ಲ. "ಅಕ್ಕಾ, ದೊಡ್ಡ ದೊಡ್ಡ ಸಾಹೇಬರು ಥಂಡಿ ಹವಾ ತಗೋಳಾಕ ಮಹಾಬಳೇಶ್ವರಕ್ಕ ಹೋಗ್ತಾರಂತ. ನಾವು ಕಾಲಕಾಲೇಶ್ವರಕ್ಕ ಹೋಗೂಣು. ಅವರಿಗೆ ಸಿಗೋ ಹವಾ ನಮಗೂ ಸಿಗತೈತಿ, ರೊಕ್ಕ ಉಳೀತೈತಿ" ಎಂದ. ಅಕ್ಕ ಎದ್ದು ಹೋಗಿ ಕತ್ತಲೆಯಲ್ಲೇ ಮಾಳಿಗೆ ಹತ್ತಿ ಕೂತಳು.

ಸಂಭ್ರಮವೆಂದರೆ ಅದು. ಎರಡು ದಿನ ಕಟಕ ರೊಟ್ಟಿ ಬಡಿದರು, ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿದರು, ಮಾದಲಿ ಮಾಡಿ ಡಬ್ಬಿ ತುಂಬಿದರು. ಅಪ್ಪ ಎತ್ತುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಬಂಡಿಗೆ ಬಿದಿರು ಬಾಗಿಸಿ ಚಾಪೆಯ ಮುಚ್ಚಿಗೆ ಹಾಕಿದ. ಹೊರಡುವ ಮುಂದೆ ಒಂದು ಕಟ್ಟಳೆಯನ್ನೂ ಹೇಳಿದ. ಎಲ್ಲಿ ಏನು ನೋಡಲು ಹೋದರೂ ಒಬ್ಬರು ಬಂಡಿ-ಎತ್ತು ಕಾಯುತ್ತ ಬಿಡಾರದಲ್ಲಿ ಉಳಿಯಬೇಕು. ಅದು ಎಲ್ಲರ ಪಾಳಿಗೂ ಬರುತ್ತದೆ. "ಗಂಗಿಗೆ ಮಾತ್ರ ಪಾಳಿ ಇಲ್ಲ. ಇದು ಅಕೀ ತಿರುಗಾಟ" ಎಂದ. ಸೂಡಿಯಲ್ಲಿ ಅಪ್ಪನ ಪಾಳಿ, ಕಾಲಕಾಲೇಶ್ವರದ ದಿನ ನನ್ನದು, ಪೇಟೆಯ ದಿನ ಮಾಮನದು, ಗುಡ್ಡದ ಮೇಲಿನ ಕೋಟೆಯ ದಿನ ಅವ್ವನದು ಎಂದು ಆಯಿತು.

ನರೇಗಲ್ಲ ದಾಟುವಾಗ ಹೊತ್ತು ಮೂಡಿತು. ಎತ್ತಿನ ಗೆಜ್ಜೆಯ ಸದ್ದು, ಮಾಮನ ಹಾಡು, ಅವ್ವ ಬಂಡಿಯ ಕುಲುಕಾಟಕ್ಕೆ ಬೈಯುವುದು, ಇವು ಮೂರೂ ಕೂಡಿ ಒಂದೇ ಸದ್ದಾಗಿ ಈಗಲೂ ನನ್ನ ಕಿವಿಯಲ್ಲಿವೆ. ಸೂಡಿಯಲ್ಲಿ ಕಲ್ಲಲ್ಲಿ ಕಟ್ಟಿದ ಹಳೆಯ ಹೊಂಡ ನೋಡಿದೆವು. ಮೆಟ್ಟಿಲುಗಳ ನಡುವೆ ಸಣ್ಣ ಸಣ್ಣ ಗುಡಿಯಂಥ ಗೂಡುಗಳಿದ್ದವು. ಅಕ್ಕ ಒಂದೊಂದರೊಳಗೂ ಬಗ್ಗಿ ನೋಡಿ ಬಂದಳು. ಮಾಮ ನೀರಿಗೆ ಬಗ್ಗಿದವನು ತನ್ನ ರುಮಾಲು ಕೆಡವಿಕೊಂಡ. ಕೆಂಪು ರುಮಾಲು ಬಿಚ್ಚಿಕೊಂಡು ಹಾವಿನ ಹಾಗೆ ತೇಲತೊಡಗಿತು. ಅಕ್ಕ ಕೋಲು ತಂದು ಅದನ್ನು ಎಳೆದು ಕೊಟ್ಟು, "ಮಾಮಾ, ನಿನ್ನ ತಲಿ ನೀರಾಗ ಬಿದ್ದಿತ್ತು, ತಗೋ" ಎಂದಳು. "ತಲಿ ಒಳಗ ಏನೂ ಇಲ್ಲಂತ ತೇಲಿತು, ಇಲ್ಲಾಂದ್ರ ಮುಳುಗತಿತ್ತು" ಎಂದು ಅವ್ವ ಸೇರಿಸಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗಜೇಂದ್ರಗಡದ ಹತ್ತಿರ ಅಪ್ಪನ ಗುರುತಿನವರೊಬ್ಬರ ತೋಟದಲ್ಲಿ ಬಿಡಾರ ಬಿಟ್ಟೆವು. ಹುಣಸೆಮರದ ನೆರಳು, ಬಾವಿಯ ನೀರು, ಎದುರಿಗೆ ಗುಡಿಸಲಿನಲ್ಲಿ ತೋಟ ಕಾಯುವ ಒಬ್ಬ ಮುದುಕಿ. ಅವ್ವ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಬಯಲಲ್ಲಿ ಬೇಯಿಸಿದ ಬದನೆಕಾಯಿ ಪಲ್ಯಕ್ಕೆ ಹೊಗೆಯ ರುಚಿ ಹತ್ತಿತ್ತು, ಅಂಥ ರುಚಿ ಆಮೇಲೆ ಯಾವ ಅಡಿಗೆಮನೆಯಲ್ಲೂ ನನಗೆ ಸಿಗಲಿಲ್ಲ. ಕುರಿ ಕಾಯೋರೇನ್ರಿ ಎಂದಿದ್ದ ಅವ್ವ ಎರಡನೇ ದಿನಕ್ಕೇ, "ಇನ್ನ ಮ್ಯಾಲೆ ವರ್ಷಾ ಬರೂಣ್ರಿ" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಮುಂದಿನ ವರ್ಷ ಅಕ್ಕ ಇರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೂ ಮರೆತಿತ್ತು.

ಕಾಲಕಾಲೇಶ್ವರದ ದಿನ ಬಂತು, ನನ್ನ ಪಾಳಿ. ಅಲ್ಲಿನ ಗುಡಿಯ ಹತ್ತಿರ ಬೇಸಿಗೆಯಲ್ಲೂ ಬಂಡೆಯ ಸಂದಿನಿಂದ ನೀರು ತೊಟ್ಟಿಕ್ಕುತ್ತದೆ, ಬೊಗಸೆ ಹಿಡಿದರೆ ತುಂಬುತ್ತದೆ ಎಂದು ಮುದುಕಿ ಹೇಳಿದ್ದಳು. ನಾನು ಬಂಡಿಯ ಗಾಲಿ ಹಿಡಿದುಕೊಂಡು ಅತ್ತೆ. ಅಪ್ಪ ಕರಗಲಿಲ್ಲ. ಅಕ್ಕ ನನ್ನ ಮುಖವನ್ನು ತನ್ನ ಸೆರಗಿನಿಂದ ಒರೆಸಿ, "ಇವತ್ತ ನಾ ಕುಂಡರತೀನಿ, ನೀ ಹೋಗು. ಗುಡ್ಡದ ದಿನ ಅವ್ವನ ಪಾಳಿ ನೀ ಮಾಡು. ಅವ್ವನೂ ಗುಡ್ಡ ಕಂಡಿಲ್ಲ, ಪಾಪ. ಮಾತು ಕೊಡ್ತೀಯೇನ?" ಎಂದಳು. ನಾನು ಅವಳ ಅಂಗೈಯಲ್ಲಿ ಕೈಯಿಟ್ಟು ಮಾತು ಕೊಟ್ಟೆ. ಗುಡಿ ನೋಡಿ ಬಂದೆ, ತಣ್ಣನೆಯ ನೀರು ಕುಡಿದು ಬಂದೆ. ಅದೆಲ್ಲ ಅವಳ ಪಾಲಿನದು.

ಕೋಟೆಯ ದಿನ ಬೆಳಗಿಗೆ ನನಗೆ ಎಲ್ಲರಿಗಿಂತ ಮೊದಲು ಎಚ್ಚರವಾಯಿತು. ಗುಡ್ಡದ ನೆತ್ತಿ ಆಗಷ್ಟೇ ಕೆಂಪಾಗುತ್ತಿತ್ತು. ಅಕ್ಕ ಬಾವಿಯ ಕಟ್ಟೆಯ ಮೇಲೆ ಕೂತು ಹೆರಳು ಹಾಕಿಕೊಳ್ಳುತ್ತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಮದುವೆಗೆಂದು ಹಿಂದಿನ ದಿನ ಪೇಟೆಯಲ್ಲಿ ತೆಗೆದದ್ದು. ಗುಡ್ಡ ನೋಡಲು ಗುಡಿಗೆ ಹೋಗುವ ಹಾಗೆ ಹೊರಟಿದ್ದಳು. ನಾನು ಎದ್ದವಳೇ ಸುಮ್ಮನೆ ಗುಡ್ಡದ ಕಡೆ ಓಡಿದೆ. ಹಿಂದಿನಿಂದ "ನೀಲಾ, ಏ ನೀಲಾ" ಎಂದು ಅವಳು ಎರಡು ಸಲ ಕರೆದದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಏದುಸಿರು ಬಿಡುತ್ತ ಕೋಟೆಯ ಬಾಗಿಲ ತನಕ ಹತ್ತಿ, ಹೊಸ್ತಿಲ ಕಲ್ಲಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅಪ್ಪ, ಅವ್ವ, ಮಾಮ ಮೂವರು ಬಂದರು. ಬೈಗುಳಕ್ಕೆ ನಾನು ಕಿವಿ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅಪ್ಪ ನಗುತ್ತಿದ್ದ.

"ಬಂದು ಕುಂತೀಯಲ್ಲ ಮೊದಲ! ಗಂಗಿನೇ ಕಳಿಸ್ಯಾಳಂತ ನಿನ್ನ. ಅಕೀ ಹಿಮ್ಮಡದಾಗ ಮುಳ್ಳ ಮುರದೈತಂತ, ಹತ್ತಾಕ ಆಗೂದಿಲ್ಲ ಅಂದ್ಳು."

"ಎಷ್ಟ ಆಸಿ ಇಟ್ಟಿತ್ತು ನನ್ನ ಕೂಸು. ಮುಳ್ಳಿಗೆ ಇವತ್ತ ಸಿಗಬೇಕಾಗಿತ್ತೇನ ಅಕೀ ಕಾಲು?" ಎಂದು ಅವ್ವ ಕಣ್ಣೊರೆಸಿಕೊಂಡಳು.

ಬಾವಿಯ ಕಟ್ಟೆಯ ಮೇಲೆ ಕೂತವಳ ಕಾಲಿನಲ್ಲಿ ಮುಳ್ಳು ಇರಲಿಲ್ಲ. ನಾನು ಓಡಿದ್ದಕ್ಕೆ ನನಗೆ ಏಟು ಬೀಳಬಾರದೆಂದು, ಅವ್ವನಿಗೂ ಗುಡ್ಡ ತಪ್ಪಬಾರದೆಂದು ಅವಳು ಮುಳ್ಳು ಹುಟ್ಟಿಸಿದ್ದಳು. ಬಿಸಿಲು ಇನ್ನೂ ಏರಿರಲಿಲ್ಲ. ಖರೇ ಹೇಳಿದ್ದರೆ ಅಪ್ಪ ಅಲ್ಲಿಂದಲೇ ನನ್ನನ್ನು ಕೆಳಗೆ ಕಳಿಸುತ್ತಿದ್ದ, ಮಾಮ ಹೋಗಿ ಅಕ್ಕನನ್ನು ಕರೆತರುತ್ತಿದ್ದ. ನಾನು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಓಡಿದ್ದು ಹುಡುಗಾಟ ಎಂದು ಬಿಡಬಹುದು. ಆ ಬಾಯಿ ಮುಚ್ಚಿದ್ದು ಹುಡುಗಾಟವಲ್ಲ.

ಮೇಲೆ ಎಂಥ ಗಾಳಿ! ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಗಿಯ ಹಾಗೆ ಕೋಟೆಯ ಗೋಡೆಯುದ್ದಕ್ಕೂ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪ ನಿಂತಲ್ಲೇ ನಿಂತು ಅವಳನ್ನು ನೋಡುತ್ತಿದ್ದ. ಮಾಮ ಕಲ್ಲಿನ ಹೊಂಡದೊಳಗೆ ಬಗ್ಗಿ ತನ್ನ ಹೆಸರನ್ನೇ ಕೂಗಿ, ಅದು ತಿರುಗಿ ಬಂದಾಗ "ಓ, ಏನ್ರೀ" ಎಂದು ತಾನೇ ಓಗೊಡುತ್ತಿದ್ದ. ಕೆಳಗೆ ನಮ್ಮ ತೋಟ ಕಾಣಿಸಿತು. ಎರಡು ಅವಲಕ್ಕಿ ಕಾಳಿನ ಹಾಗೆ ಎತ್ತುಗಳು, ಪಕ್ಕದಲ್ಲಿ ಕೆಂಪು ಚುಕ್ಕೆ. ಅದು ಇಳಕಲ್ ಸೀರೆ. ಮಾಮ ರುಮಾಲು ಬೀಸಿದ, ಚುಕ್ಕೆಯೂ ಕೈಬೀಸಿತು. ನಾನು ಅವ್ವನ ಹಿಂದೆ ಅಡಗಿದೆ. ಆಮೇಲೆ ಯಾವ ದಿಕ್ಕಿಗೂ ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ.

ಇಳಿದು ಬಂದಾಗ ಅಕ್ಕ ಬಿಸಿ ರೊಟ್ಟಿ, ಜುಣಕ ಮಾಡಿಟ್ಟಿದ್ದಳು. ಅವ್ವ ಅವಳ ಹಿಮ್ಮಡ ಹಿಡಿದು ನೋಡಲು ಹೋದರೆ, "ಮುದುಕಿ ತಗದ್ಳು ಬೇ, ಈಗ ಏನೂ ಇಲ್ಲ" ಎಂದು ಕಾಲು ಎಳೆದುಕೊಂಡಳು. ಎಲ್ಲರೂ ಉಣ್ಣುವಾಗ ನನ್ನ ಪಕ್ಕಕ್ಕೆ ಬಂದು ಕೂತಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕಿವಿಯಲ್ಲಿ ಕೇಳಿದ್ದು ಇಷ್ಟೇ:

"ನಮ್ಮೂರು ಕಾಣಸ್ತೇನ?"

"ಹೂಂ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಮ್ಮನಿ ಮಾಳಗಿನೂ ಕಾಣಸ್ತು."

"ಖರೇನ?" ಎಂದಳು. ಅವಳ ಮುಖ ಹೇಗೆ ಅರಳಿತೆಂದರೆ, ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ದಾರಿಯೇ ಉಳಿಯಲಿಲ್ಲ.

ತಂದ ಕಣಿಕೆ ಮುಗಿದಿತ್ತು. ಮರುದಿನ ಬೆಳಿಗ್ಗೆ ಬಂಡಿ ಊರಿನ ದಾರಿ ಹಿಡಿಯಿತು. ಯುಗಾದಿ ಆದಮೇಲೆ ಅಕ್ಕನ ಮದುವೆಯಾಯಿತು. ಪಂಚಮಿಗೆ, ಬಾಣಂತನಕ್ಕೆ ತವರಿಗೆ ಬಂದಾಗೆಲ್ಲ ಗುಡ್ಡದ ಮಾತು ಬರುತ್ತಿತ್ತು. "ಗುಡ್ಡ ಎಲ್ಲಿ ಓಡಿ ಹೋಗತೈತಿ? ಮುಂದಿನ ಸಲ ಹೋಗೂಣು" ಎನ್ನುತ್ತಿದ್ದಳು. ಒಂದು ಸಲ ಬಸುರಿ, ಒಂದು ಸಲ ಬಗಲಲ್ಲಿ ಕೂಸು, ಆಮೇಲೆ ಮೊಣಕಾಲು ನೋವು. ಗುಡ್ಡ ಎಲ್ಲಿಗೂ ಹೋಗಲಿಲ್ಲ. ಅಪ್ಪ ಹೋದ, ಅವ್ವ ಹೋದಳು, ಮಾಮ ನಗುತ್ತಲೇ ಹೋದ. ಅಬ್ಬಿಗೇರಿಯ ಮನೆ ಬೇರೆಯವರದಾಯಿತು; ಮಣ್ಣಿನ ಮಾಳಿಗೆ ತೆಗೆದು ಸಿಮೆಂಟು ಹಾಕಿದ್ದಾರೆ. ಆ ಓಣಿಯಲ್ಲಿ ಹಾಯುವಾಗ ನಾನು ನೆಲ ನೋಡುತ್ತ ನಡೆಯುತ್ತೇನೆ.

ಈ ವರ್ಷ ಪಂಚಮಿಗೆ ಅಕ್ಕ ನನ್ನ ಮನೆಗೆ ಬಂದಳು. ಅವಳಿಗೆ ಈಗ ಕಿವಿ ದೂರ, ಕಾಲು ಏಳುವುದಿಲ್ಲ, ಬಾಯಿ ಮಾತ್ರ ಮೊದಲಿನಂತೆಯೇ. ಮಧ್ಯಾಹ್ನ ಪಡಸಾಲೆಯಲ್ಲಿ ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಆ ತಿರುಗಾಟದ ಕಥೆ ಹೇಳುತ್ತಿದ್ದಳು. ಮಾಮನ ರುಮಾಲು ತೇಲಿದ್ದು ಹೇಳಿದಾಗ ಮಕ್ಕಳು ಉರುಳಾಡಿ ನಕ್ಕವು. ಆಮೇಲೆ ಗುಡ್ಡ ಬಂತು. "ಆ ಗುಡ್ಡದ ಮ್ಯಾಲೆ ನಿಂತ್ರ ನಮ್ಮೂರು ಕಾಣತಿತ್ತು. ಬರೇ ಊರಲ್ಲ, ನಮ್ಮನಿ ಮಾಳಗಿ. ಮಾಳಗಿ ಮ್ಯಾಲೆ ನಾ ಒಣಹಾಕಿದ್ದ ಮೆಣಸಿನಕಾಯಿ ಸುದ್ದಾ, ಕೆಂಪಗ!" ನಾನು ಕೊಟ್ಟ ಸುಳ್ಳನ್ನು ಅವಳು ಇಷ್ಟು ವರ್ಷ ಸಾಕಿ, ಬೆಳೆಸಿ, ಸಿಂಗರಿಸಿದ್ದಳು.

"ನೀ ನೋಡೀಯೇನ ಅಜ್ಜಿ?" ಎಂದು ಒಂದು ಹುಡುಗಿ ಅವಳ ಕಿವಿಗೆ ಬಾಯಿಟ್ಟು ಕೇಳಿತು.

"ನಾ ಎಲ್ಲಿ ನೋಡ್ಲಿ? ನಿಮ್ಮ ಸಣ್ಣಜ್ಜಿ ನೋಡ್ಯಾಳ. ಕೇಳ್ರಿ ಅಕಿನ್ನ."

ಮಕ್ಕಳೆಲ್ಲ ನನ್ನ ಕಡೆ ತಿರುಗಿದವು. ಅಕ್ಕನೂ ತಿರುಗಿದಳು, ಅಂದಿನ ಮುಖವನ್ನೇ ಹೊತ್ತುಕೊಂಡು. ನಾನು ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತು ಮೆಲ್ಲಗೆ ಹೇಳಿದೆ. ಅವಳಿಗೆ ಕೇಳಿಸಲಿಲ್ಲ.

"ಆಂ? ಏನಂದಿ? ಗಟ್ಟಿ ಹೇಳ, ನನ್ನ ಕಿವಿ ಹಾಳಾಗ್ಯಾವು."

ಇನ್ನೊಂದು ಸಲ ಹೇಳಿದೆ. ಅವಳು ತಲೆ ಅಲ್ಲಾಡಿಸಿ, ನಗುತ್ತ, ಕಿವಿಗೆ ಕೈ ಅಡ್ಡ ಹಿಡಿದಳು. ಒಳಗೆ ಸೊಸೆಯಂದಿರು ಪಾತ್ರೆಯ ಸದ್ದು ನಿಲ್ಲಿಸಿದರು. ಆಗ ನಾನು ಅವಳ ಎರಡೂ ಕೈ ಹಿಡಿದು, ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ:

"ಅಕ್ಕಾ, ಗುಡ್ಡದ ಮ್ಯಾಲಿಂದ ನಾ ನಮ್ಮೂರು ನೋಡಲೇ ಇಲ್ಲ! ನಿನ್ನ ಗುಡ್ಡ ಕಸ್ಕೊಂಡೆ, ಅಪ್ಪಗ ಖರೇ ಹೇಳಲಿಲ್ಲ, ನಿನಗ ಸುಳ್ಳ ಹೇಳಿದೆ. ನಂದ ತಪ್ಪಾತು. ಹೊಟ್ಟ್ಯಾಗ ಹಾಕ್ಕೋ ನಮ್ಮಕ್ಕಾ, ನಂದ ತಪ್ಪಾತು!"