ದಸ್ತಗಿರಿ ಸಾಬರು ಹಾಕಿಕೊಟ್ಟ ಫೋರ್ಕು

ಗಾಡಿಗೆ ಏನೂ ಆಗಿರಲಿಲ್ಲ. ನಡುಗುತ್ತಿದ್ದದ್ದು ನಮ್ಮ ಯಜಮಾನರ ಬಲಗೈ. ಅದು ನನಗೆ ಗೊತ್ತಿತ್ತು, ಮೆಕ್ಯಾನಿಕ್ ದಸ್ತಗಿರಿ ಸಾಬರಿಗೆ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು ಅಂತಲೇ ನನ್ನ ಅನಿಸಿಕೆ. ಮೂರು ಜನ ಸೇರಿ ಎರಡು ವರ್ಷ ಗಾಡಿಗೆ ಔಷಧಿ ಮಾಡಿದೆವು. ನಡೆದದ್ದು ಇಷ್ಟೆ.

ಸಾಬರದು ಹೊಳಲ್ಕೆರೆಯಲ್ಲಿ, ಹೊಸದುರ್ಗದ ರಸ್ತೆಗೆ ಒಂದು ತಗಡಿನ ಶೆಡ್ಡು. ಯಾರ ಗಾಡಿ ಹತ್ತಬೇಕಾದರೂ ಚಪ್ಪಲಿ ಬಿಟ್ಟು ಹತ್ತುವರು. ನೋಡಿದವರು ಭಕ್ತಿ ಅಂದುಕೊಳ್ಳುವರು. ಭಕ್ತಿಯೂ ಇಲ್ಲ ಗಿಕ್ತಿಯೂ ಇಲ್ಲ. "ಪಾದಕ್ಕೆ ತಿಳಿಯೋದು ಚಪ್ಪಲಿಗೆ ತಿಳಿಯಲ್ಲ ಅಕ್ಕಾರೆ" ಅನ್ನುವರು. ಉದ್ದನೆಯ ಆಳು, ಬಗ್ಗಿ ಬಗ್ಗಿ ಬೆನ್ನು ಕುಡುಗೋಲಾಗಿತ್ತು. ಅವಸರ ಮಾಡುವ ಗಿರಾಕಿಗೆ ಮೊದಲು ಟೀ ತರಿಸುವರು. ಅವನು ಕುಡಿದು ಲೋಟ ಕೆಳಗಿಡುವ ತನಕ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ.

ನಮ್ಮ ಯಜಮಾನರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಕೆಲಸಕ್ಕೆ ಸೇರಿದ ವರ್ಷ ತಗೊಂಡ ಮೋಟಾರ್ ಸೈಕಲ್ಲು, ಈಗಲೂ ಅದೇ. ಒದೆಯುವ ಎಮ್ಮೆಗೂ ಒಂದೇ ಏಟಿಗೆ ಸೂಜಿ ಚುಚ್ಚುವ ಕೈ ಅಂತ ಸುತ್ತಿನ ಹಳ್ಳಿಗಳಲ್ಲಿ ಹೆಸರು. ಅಂಥವರು ಒಂದು ದಿನ ಹ್ಯಾಂಡಲ್ ಅಲುಗುತ್ತದೆ ಅಂದರು. ಇಬ್ಬರು ಮೆಕ್ಯಾನಿಕರು ಏನೇನೋ ಬಿಚ್ಚಿ ಜೋಡಿಸಿದರು, ಅಲುಗಾಟ ನಿಲ್ಲಲಿಲ್ಲ. ರಾಮಗಿರಿಗೆ, ನಮ್ಮಕ್ಕನ ಮನೆಗೆ ಹೋಗುವಾಗ ಗುಂಡಿ ತಪ್ಪಿಸಲು ಹೋಗಿ ಯಜಮಾನರು ನಮ್ಮಿಬ್ಬರನ್ನೂ ಜಾಲಿ ಪೊದೆಗೆ ನುಗ್ಗಿಸಿದರು. ನನ್ನ ಸೀರೆ ಹರಿಯಿತು, ಮೊಣಕೈ ತರಚಿತು. ಮನೆಗೆ ಬಂದವರು ಎರಡು ದಿನ ಜಗಲಿ ಬಿಟ್ಟು ಇಳಿಯಲಿಲ್ಲ. ಗಾಡಿ ಓಡಿಸುವುದು ಬಿಡಿಸಿದರೆ ಈ ಮನುಷ್ಯ ಮೂಲೆ ಹಿಡಿಯುತ್ತಾರೆ, ಬಿಡಿಸದಿದ್ದರೆ ಇಬ್ಬರೂ ಒಂದು ದಿನ ಲಾರಿ ಕೆಳಗೆ ಹೋಗುತ್ತೇವೆ. ಅಷ್ಟು ನನಗೆ ಅರ್ಥವಾಯಿತು.

ಆ ವಾರವೇ ಸಾಬರ ಹತ್ತಿರ ಹೋದೆವು. ಚಪ್ಪಲಿ ಬಿಟ್ಟು ಗಾಡಿ ಹತ್ತಿ ಒಂದು ಸುತ್ತು ಹೋಗಿ ಬಂದರು. ಶೆಡ್ಡಿನ ಹತ್ತಿರ ಬರುವಾಗ ಎರಡೂ ಕೈ ಬಿಟ್ಟು ನೋಡಿದರು. ಗಾಡಿ ಗೆರೆ ಎಳೆದ ಹಾಗೆ ಬಂತು. ಇಳಿದು ಏನೋ ಹೇಳಬೇಕು ಅಂತ ಬಾಯಿ ತೆಗೆದವರು ಯಜಮಾನರ ಕೈಯಲ್ಲಿದ್ದ ಟೀ ಲೋಟ ನೋಡಿದರು. ಟೀ ಅಂಚು ದಾಟಿ ಪಂಚೆ ಮೇಲೆ ಚೆಲ್ಲುತ್ತಿತ್ತು. ಸಾಬರು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಚಕ್ರವನ್ನು ಹಿಡಿದು ಆ ಕಡೆ ಈ ಕಡೆ ಅಲುಗಿಸಿದರು.

"ಕಾಂಪೌಂಡ್ರೆ, ಫೋರ್ಕು ಮುದುಕಾಗೈತೆ. ಮುಂದ್ಲುದು ಪೂರ್ತಿ ಬದಲಾಯಿಸಾಣ."

ಯಜಮಾನರ ಮುಖ ಅರಳಿತು. ನಾನು ಮೊದಲಿಂದ ಅದನ್ನೇ ಬಡಕೊಳ್ಳುತ್ತಿಲ್ಲವಾ ಅಂತ ನನ್ನ ಮೇಲೆ ಹರಿಹಾಯ್ದರು.

ಫೋರ್ಕು ಅಂದರೆ ಮುಂದಿನ ಚಕ್ರವನ್ನು ಎರಡು ಕಡೆ ಹಿಡಿದಿರುವ ಕೊಳವೆ. ಒಳಗೆ ಸ್ಪ್ರಿಂಗು, ಎಣ್ಣೆ ಇರುತ್ತವೆ, ಗುಂಡಿಯ ಏಟು ಅವು ನುಂಗಿಕೊಳ್ಳುತ್ತವೆ. ಸಾಬರು ದುರ್ಗದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಹೊಸ ಕಾಲದ ಗಾಡಿಯ ದಪ್ಪ ಫೋರ್ಕು ಹುಡುಕಿ ತಂದರು. ಹಳೇ ಗಾಡಿಯ ಕುತ್ತಿಗೆಗೆ ಅದು ಕೂರಲಿಲ್ಲ. ಕಬ್ಬಿಣ ಕಡೆಯುವ ಲೇತಿನಲ್ಲಿ ನಡುವಿನ ದಂಡ ಬೇರೆ ಮಾಡಿಸಿ ಕೂರಿಸಿದರು. ಆಮೇಲೆ ನನಗೆ ಹೇಳಿ ಕಳಿಸಿದರು. ಹಿಂದೆ ಕೂರುವವರು ಬಾರದೆ ಅವರು ಸ್ಪ್ರಿಂಗಿನ ಬಿಗಿ ನೋಡುವುದಿಲ್ಲ, ಅದು ಅವರ ಪದ್ಧತಿ. ಕೊಳವೆಗೆ ಒಂದು ದಾರ ಸುತ್ತಿ, ಇಬ್ಬರನ್ನೂ ಹತ್ತಿಸಿ ಇಳಿಸಿ, ದಾರ ಎಷ್ಟು ಮೇಲಕ್ಕೆ ಸರಿಯಿತು ಅಂತ ಬೆರಳಲ್ಲಿ ಅಳೆದರು.

"ಅಕ್ಕಾರೆ, ನಿಮ್ಮನ್ನ ಒಂದು ಚೀಲ ಈರುಳ್ಳಿ ಅಂದ್ಕಂಡಿದ್ದೆ. ಒಂದೂವರೆ ಐತೆ."

"ನೀವು ಬರೀ ಸಿಪ್ಪೆ ಸಾಬ್ರೆ. ನಿಮಗೆ ಗಡ್ಡೆ ತೂಕ ಏನ್ ಗೊತ್ತು" ಅಂದೆ. ಯಜಮಾನರು ನಕ್ಕರು. ಜಾಲಿಗೆ ಬಿದ್ದ ಮೇಲೆ ನಕ್ಕದ್ದು ಅವತ್ತೇ.

ಅವರು ಕೈ ತೊಳೆಯಲು ಹೋದಾಗ, ಫೋರ್ಕು ನಿಜವಾಗಿ ಕೆಟ್ಟಿತ್ತಾ ಅಂತ ಸಾಬರನ್ನು ಕೇಳಿದೆ. ಅವರು ಹ್ಯಾಂಡಲ್ಲಿನ ನಡುವೆ ಹೊಸದಾಗಿ ಹಾಕಿದ್ದ ಒಂದು ತಿರುಪು ತೋರಿಸಿದರು. ಅದನ್ನು ತಿರುವಿದಷ್ಟೂ ಹ್ಯಾಂಡಲ್ ಬಿಗಿ ಆಗುತ್ತದಂತೆ, ಕೈ ಅಲುಗಿದರೂ ಚಕ್ರಕ್ಕೆ ಮುಟ್ಟುವುದಿಲ್ಲವಂತೆ. ಆಮೇಲೆ ದನಿ ಇಳಿಸಿದರು. "ಅಂಥ ಕೈ ಬಗ್ಗೆ ಅಂಗಡಿ ಮುಂದೆ ಆಡಬಾರ್ದು ಅಕ್ಕಾರೆ."

ನಾನೂ ಆಡಲಿಲ್ಲ.

ಎರಡು ವರ್ಷ ಚೆನ್ನಾಗಿ ಓಡಾಡಿದೆವು. ರಾಮಗಿರಿ, ಬಾಗೂರು, ಒಂದು ಸಲ ಹಿರಿಯೂರಿನ ತನಕ. ಸಾಬರು ಆಗಾಗ ಫೋರ್ಕಿನ ಎಣ್ಣೆ ನೋಡುವ ನೆಪ ಮಾಡಿ ಮನೆಗೆ ಬರುವರು, ಮಾತಾಡುತ್ತಲೇ ತಿರುಪಿಗೆ ಕಾಲು ಸುತ್ತು ಕೊಡುವರು. ಅವರ ಶೆಡ್ಡಿಗೆ ನಾವು ಹೋದರೆ ಎಲ್ಲರಿಗೂ ತುಂಬ ಲೋಟ ಟೀ, ಯಜಮಾನರಿಗೆ ಮಾತ್ರ ಅರ್ಧ ಲೋಟ, ಎರಡು ಸಲ. ಯಾಕೆ ಅಂತ ಸಾಬರು ಹೇಳಲಿಲ್ಲ, ಯಜಮಾನರು ಕೇಳಲಿಲ್ಲ.

ಸಾಬರು ಕೊನೆಯ ಸಲ ನಮ್ಮ ಮನೆಗೆ ಬಂದದ್ದು ಆಟೋದಲ್ಲಿ. ಹೊಟ್ಟೆಯಲ್ಲಿ ಏನೋ ಗಡ್ಡೆ, ಮೈ ಅರ್ಧ ಇಳಿದಿತ್ತು. ಯಜಮಾನರು ಒಳಗೆ ಕನ್ನಡಕ ಹುಡುಕುತ್ತಿದ್ದರು. ಸಾಬರು ತಿರುಪಿಗೆ ಕೈ ಹಾಕಿ, ಮತ್ತೆ ತೆಗೆದರು.

"ಇನ್ನು ತಿರುಪು ಇಲ್ಲ ಅಕ್ಕಾರೆ. ಬಿಗಿ ಮಾಡಿದ್ರೆ ತಿರುವಿನಾಗೆ ಗಾಡಿ ತಿರುಗಲ್ಲ. ಅವ್ರಿಗೆ ನಾನು ಅವತ್ತೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ನನಗೆ ಟೈಮಿಲ್ಲ, ನೀವು ಹೇಳ್ರಿ."

ಇಪ್ಪತ್ತು ದಿನಕ್ಕೆ ಹೋಗಿಬಿಟ್ಟರು. ಮಣ್ಣಿಗೆ ಹೋಗಿ ಬಂದ ಯಜಮಾನರು ಜಗಲಿ ಮೇಲೆ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅತ್ತರು. ಅತ್ತು ಮುಗಿದ ಮೇಲೆ, ಹಿರಿಯೂರಲ್ಲಿ ಒಬ್ಬ ಒಳ್ಳೆ ಮೆಕ್ಯಾನಿಕ್ ಇದ್ದಾನಂತೆ, ಫೋರ್ಕು ಮತ್ತೆ ತೋರಿಸಬೇಕು ಅಂದರು. ನಾನು ಮುದ್ದೆಗೆ ಎಸರಿಡಲು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ನನಗೆ ಮಂಡಿ ನೋವು, ದುರ್ಗದ ಆಸ್ಪತ್ರೆಗೆ ಹೋಗಾಣ ಅಂದೆ. ಗಾಡಿ ತೆಗೆಯಲು ಎದ್ದರು. ಕೀ ನನ್ನ ಸೊಂಟದಲ್ಲಿತ್ತು. ಬಸ್ಸಿಗೆ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗಿ ಯಾರಿಗೆ ತೋರಿಸಬೇಕು, ಹೆಸರೇನು ಅಂತ ಕೇಳಿದಳು. ಯಜಮಾನರು ನನ್ನ ಕಡೆ ಕೈ ಮಾಡಿದರು. ಮದುವೆಯಾದಾಗಿನಿಂದ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ, ನಮ್ಮಲ್ಲಿ ಹೆಂಗಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವಳ ಕೈಲಿ ಹೇಳಿಸಿದವಳು ನಾನು. ಅವತ್ತು ಸಾಲಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಬರ್ಕಳಮ್ಮ. ಶಿವಲಿಂಗಪ್ಪ. ಬಲಗೈ ನಡುಗ್ತೈತೆ."