ಟೈಲರಮ್ಮನ ಮೂಗು

ಏಳು ತಿಂಗಳಿಗೇ ಹುಟ್ಟಿದ ಟೈಲರಮ್ಮನಿಗೆ ಉಸಿರಾಡಲೆಂದು ಆಸ್ಪತ್ರೆಯವರು ಮೂಗಿಗೆ ನಳಿಕೆ ಸಿಕ್ಕಿಸಿದ್ದರು. ಅದು ಒತ್ತಿ ಒತ್ತಿ ಹೊಳ್ಳೆಗಳ ನಡುವಿನ ಗೋಡೆಯನ್ನೇ ತಿಂದುಹಾಕಿತ್ತು. ಅಳತೆ ಕೊಡಲು ಬಂದವರೆಲ್ಲ ಮೊದಲು ಅವಳ ಮೂಗನ್ನೇ ಅಳೆಯುತ್ತಿದ್ದರು; ಅವಳೂ ದುರುಗುಟ್ಟಿ ನೋಡಿಯೇ ಟೇಪು ಎತ್ತುತ್ತಿದ್ದಳು.

ಒಂದು ದಿನ ಅಮ್ಮ, ಅಂದು ಆಸ್ಪತ್ರೆಯಲ್ಲಿ ಮಗುವನ್ನು ನೋಡಿಕೊಂಡಿದ್ದ ನರ್ಸಮ್ಮನನ್ನು ಸಂಭ್ರಮದಿಂದ ಅಂಗಡಿಗೆ ಕರೆತಂದಳು.

"ನಿನ್ನ ಉಳಿಸಿದ್ದು ಈ ಕೈಯೇ ಕಣೇ," ಎಂದರು ನರ್ಸಮ್ಮ.

"ನಳಿಕೆ ಒತ್ತಿ ಮೂಗು ಕೆಂಪಾಗಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ಬಿದ್ದಿತ್ತು. ಜೀವ ಉಳಿದ್ರೆ ಸಾಕು, ಮೂಗು ಹೇಗಿದ್ರೇನು ಅಂದ್ಕೊಂಡೆ."

ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಜೀವ ಉಳಿಸಿದ್ದಕ್ಕೆ ಅಮ್ಮ ಕೈ ಮುಗಿದಾಯ್ತು. ಮೂಗು ಹೊತ್ತು ತಿರುಗೋಳು ನಾನು. ಎದ್ದು ಹೊರಡಿ."

"ಬಾಯಿ ಮುಚ್ಚೇ!" ಅಮ್ಮ ಗದರಿದಳು.

ನರ್ಸಮ್ಮ ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದರು. ಟೈಲರಮ್ಮ ತಡೆಯಲಿಲ್ಲ, ಅಮ್ಮನ ಬೈಗುಳ ಕೇಳಿಸದಂತೆ ಮಿಷನ್ ತುಳಿಯತೊಡಗಿದಳು.