ಪೋರ್ಟೊಗೆ ಬಾರದ ದೊರೆ

ಪುಟ್ಟರಾಜು ಮೇಷ್ಟ್ರು ಮಫ್ಲರನ್ನು ಕುತ್ತಿಗೆಗೆ ಸುತ್ತಿಕೊಂಡದ್ದನ್ನು ನಾನು ನೋಡಲೇ ಇಲ್ಲ. ಅದು ಸದಾ ತಲೆಯ ಮೇಲೆ, ಥೇಟ್ ಮೈಸೂರು ಪೇಟದ ಗತ್ತಿನಲ್ಲಿ ಇರುತ್ತಿತ್ತು. ಕೆಳಗೆ ಅಳಿಯನ ಹಳೆಯ ದಪ್ಪ ಜಾಕೆಟ್, ಅದರ ಕೆಳಗೆ ಪಂಚೆ, ಪಂಚೆಯೊಳಗೆ ಚಳಿಗೆಂದು ಟ್ರ್ಯಾಕ್ ಪ್ಯಾಂಟ್. ಆಡಮ್ಸ್‌ಟೌನ್ ಎಂಬ ಐರಿಶ್ ಊರಿನ ನಮ್ಮ ಮನೆಗಳ ಮುಂದಿನ ಹುಲ್ಲುಹಾಸಿನ ಸುತ್ತ ಈ ವೇಷದಲ್ಲಿ ಅವರು ನಡೆಯುವಾಗ ನೆರೆಯವರು ಹೊಸಿಲಲ್ಲೇ ನಿಂತು ಹೇಗಿದ್ದೀರೆಂದು ಕೇಳುತ್ತಿದ್ದರು. ಮೇಷ್ಟ್ರು ತಲೆ ಒಂದಿಷ್ಟೇ ಬಾಗಿಸಿ, ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಗ್ರ್ಯಾಂಡ್" ಎನ್ನುತ್ತಿದ್ದರು. "ಅರಮನೆಯಲ್ಲಿ ಆಡೋ ಮಾತಮ್ಮ ಇದು. ಇಲ್ಲಿ ನೋಡಿದ್ರೆ ಬಸ್ ಡ್ರೈವರೂ ಗ್ರ್ಯಾಂಡ್ ಅಂತಾನೆ," ಎಂದು ಆಮೇಲೆ ನನ್ನೆದುರು ನಗುವರು.

ಅವರು ಪಕ್ಕದ ಮನೆಯ ಸೌಮ್ಯಳ ತಂದೆ. ಮೈಸೂರಿನ ಹೈಸ್ಕೂಲೊಂದರಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತರಾದವರು. ಮೊಮ್ಮಗನ ನಾಮಕರಣಕ್ಕೆಂದು ಎರಡು ತಿಂಗಳ ಮಟ್ಟಿಗೆ ಬಂದಿದ್ದರು. ಅಷ್ಟರಲ್ಲಿ ಕೊರೊನಾ ಬಂದು ವಿಮಾನಗಳು ನಿಂತವು. ಅವರ ಹೆಂಡತಿ ಮಂಗಳಮ್ಮನವರಿಗೆ ಹೃದಯದ ಕಾಯಿಲೆ. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಮೈಸೂರಿನಲ್ಲೇ ತಂಗಿಯ ಜೊತೆ ಉಳಿದಿದ್ದರು.

ದಿನಾ ಮಧ್ಯಾಹ್ನ ಮೇಷ್ಟ್ರು ಹಿತ್ತಲಲ್ಲಿ ಕುಳಿತು ಆಕೆಗೆ ಫೋನ್ ಮಾಡುತ್ತಿದ್ದರು. ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಬೇಕು. ಬೇಲಿಯ ಈಚೆ, ಮನೆಯ ಪುಟ್ಟ ಕೋಣೆಯಲ್ಲಿ ಕುಳಿತು ಆಫೀಸಿನ ಕೆಲಸ ಮಾಡುವ ನನಗೆ ಎಲ್ಲವೂ ಕೇಳುತ್ತಿತ್ತು.

"ಸವಾರಿ ಯಾವಾಗ ಚಿತ್ತೈಸೋದು?" ಮಂಗಳಮ್ಮ ಕೇಳುವರು.

"ನಾವು ಸಿದ್ಧವಾಗೇ ಇದೀವಿ. ದಾರೀನೇ ಬಿಡ್ತಿಲ್ಲ."

"ಹೆಸರಲ್ಲಿ ರಾಜ ಇದ್ರೇನು, ಪುಟ್ಟರಾಜ ತಾನೆ. ಯಾರು ಬಿಡ್ತಾರೆ?"

ಹೆಂಡತಿಯೊಡನೆ ಮಾತ್ರ ಮೇಷ್ಟ್ರು ತಮ್ಮನ್ನು 'ನಾವು' ಎಂದುಕೊಳ್ಳುತ್ತಿದ್ದರು. ಬರಬರುತ್ತಾ ಆಕೆಯ ದನಿ ಸಣ್ಣಗಾಯಿತು, ಮಾತಿನ ನಡುವೆ ಏದುಸಿರು ಕೇಳತೊಡಗಿತು. ವಿಶೇಷ ವಿಮಾನವೊಂದು ಹೊರಟಿತು, ಇವರಿಗೆ ಸೀಟು ಸಿಗಲಿಲ್ಲ. ಆ ದಿನ ಮೇಷ್ಟ್ರು ಹುಲ್ಲುಹಾಸಿನ ಸುತ್ತ ನಡೆದೇ ನಡೆದರು. ಯಾರು ಕೇಳಿದರೂ ಗ್ರ್ಯಾಂಡ್ ಎನ್ನಲಿಲ್ಲ.

ಬೇಸಿಗೆಯಲ್ಲಿ ನಿರ್ಬಂಧ ಸಡಿಲವಾಗಿ ಮಕ್ಕಳು ಹೊರಗೆ ಆಡಬಹುದೆಂದಾಯಿತು. ಶಾಲೆಯಿಲ್ಲದೆ ಮನೆಯವರ ತಲೆ ತಿನ್ನುತ್ತಿದ್ದ ಅಷ್ಟೂ ಮಕ್ಕಳನ್ನು ಮೇಷ್ಟ್ರು ಬೆಂಚಿನ ಸುತ್ತ ದೂರ ದೂರ ಕೂರಿಸಿಕೊಂಡು ಚರಿತ್ರೆ ಶುರುಮಾಡಿದರು. "ಗೆದ್ದವರು ಹೇಗೂ ಪುಸ್ತಕದಲ್ಲಿ ಇರ್ತಾರೆ. ಸೋತವರನ್ನ ನಾವೇ ಹುಡುಕ್ಕೊಂಡು ಹೋಗಿ ಮಾತಾಡಿಸ್ಬೇಕು," ಎನ್ನುವುದು ಅವರ ಪಾಠದ ಕ್ರಮ.

ಹಾಗೆ ಅವರು ಮಾತಾಡಿಸಿದ್ದು ಪೋರ್ಟೊ ಊರನ್ನು. ನೂರು ವರ್ಷದ ಹಿಂದೆ, ಆಗಲೂ ಲೋಕಕ್ಕೆಲ್ಲ ಮಾರಿಜ್ವರ. ಪೋರ್ಚುಗಲ್ಲಿನವರು ದೊರೆಯನ್ನು ಓಡಿಸಿ ಗಣರಾಜ್ಯ ಮಾಡಿಕೊಂಡು ಕೆಲವು ವರ್ಷ ಕಳೆದಿತ್ತು. ಪೋರ್ಟೊದಲ್ಲಿ ಒಬ್ಬ ಕ್ಯಾಪ್ಟನ್ ಆ ಸರ್ಕಾರದ ವಿರುದ್ಧ ದಂಗೆಯೆದ್ದ. ನೀಲಿ-ಬಿಳಿಯ ರಾಜಬಾವುಟ ಏರಿಸಿ ನಮಗೆ ಮತ್ತೆ ದೊರೆಯಿದ್ದಾನೆ ಎಂದು ಸಾರಿದ. ಇಂಗ್ಲೆಂಡಿನಲ್ಲಿದ್ದ ದೊರೆಗೆ ತಾನು ಮತ್ತೆ ದೊರೆಯಾದ ಸುದ್ದಿ ತಿಳಿದದ್ದು ಪೇಪರಿನಿಂದ. ಅವನು ಬರಲಿಲ್ಲ. ತಿಂಗಳು ತುಂಬುವ ಮೊದಲೇ ಬಾವುಟ ಇಳಿಯಿತು.

ಕಥೆ ಎರಡೇ ದಿನದಲ್ಲಿ ನಾಟಕವಾಯಿತು. ಮಕ್ಕಳೆಲ್ಲ ಗಣರಾಜ್ಯದ ಕಡೆ ಸೇರಿಕೊಂಡರು. "ವಿ ಆರ್ ಅ ರಿಪಬ್ಲಿಕ್, ಲೈಕ್," ಎಂದು ಎದುರು ಮನೆಯ ಹುಡುಗಿ ಖಡಾಖಂಡಿತವಾಗಿ ಹೇಳಿದಳು. ರಾಜಪಕ್ಷದಲ್ಲಿ ಉಳಿದದ್ದು ಕ್ಯಾಪ್ಟನ್ ಆಗಿದ್ದ ಮೇಷ್ಟ್ರು ಮತ್ತು ನನ್ನ ಏಳು ವರ್ಷದ ಮಗಳು ಇರಾ. ಬಾವುಟವಾಗಿದ್ದು ನನ್ನ ನೀಲಿ-ಬಿಳಿ ದುಪಟ್ಟಾ, ಅದನ್ನು ಬಿಟ್ಟು ಅವಳು ಬರಲೊಲ್ಲಳು. ಬೆಂಚಿನ ಮೇಲೆ ನಿಂತು, ಸಾಲಾಗಿ ನಿಂತ ಕಾರುಗಳನ್ನೇ ಸಮುದ್ರವೆಂದುಕೊಂಡು ದೊರೆಯ ಹಡಗಿಗೆ ಕಾಯುವುದು ಅವಳ ಕೆಲಸ. "ದೊರೆ ಕಾವಲಲ್ಲಿ ಇರೋರು ಇಂಗ್ಲಿಷ್ ಆಡೋ ಹಾಗಿಲ್ಲ," ಎಂದು ಮೇಷ್ಟ್ರು ಅಪ್ಪಣೆ ಮಾಡಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ಮಗಳು, ಐರಿಶ್ ರಾಗದಲ್ಲಿ, ಊರಿಗೆಲ್ಲ ಕೇಳುವ ಹಾಗೆ "ಇನ್ನೂ ಬಂದಿಲ್ಲ" ಎಂದು ಕೂಗಿದಳು. ನನಗೆ ಕಣ್ಣು ತುಂಬಿ ಬಂತು.

ದಿನಾ ಸಂಜೆ ಬಾವುಟ ಏರುತ್ತಿತ್ತು, ದಂಗೆ ಸೋಲುತ್ತಿತ್ತು. ಇರಾ ಗೋಗರೆಯುತ್ತಿದ್ದಳು: "ತಾತಾ, ಪ್ಲೀಸ್, ಜಸ್ಟ್ ಒನ್ಸ್. ಲೆಟ್ ಹಿಮ್ ಕಮ್."

"ಬಂದಿಲ್ಲ ಅಂದ್ಮೇಲೆ ಬಂದಿಲ್ಲ ಪುಟ್ಟಾ. ಚರಿತ್ರೆನ ನಾವು ತಿದ್ದೋ ಹಾಗಿಲ್ಲ."

ಒಂದು ಸಂಜೆ ಇರಾ ಎಂದಿನಂತೆ ಕೂಗಿದಳು. ಕ್ಯಾಪ್ಟನ್ ತನ್ನ ಜಾಗದಲ್ಲಿ ಇರಲಿಲ್ಲ. ಮೇಷ್ಟ್ರು ಕಾರುಗಳ ಹಿಂದಿನಿಂದ ನಿಧಾನವಾಗಿ ನಡೆದು ಬಂದರು. ಮಫ್ಲರು ಕೈಯಲ್ಲಿತ್ತು. ಅವರ ಬರಿದಲೆಯನ್ನು ನಾವು ನೋಡಿದ್ದು ಅದೇ ಮೊದಲು.

"ಸರಿಯಾಗಿ ನೋಡು ತಾಯಿ," ಎಂದರು. "ಬಂದ."

ಇರಾ ಬೆಂಚಿನ ಮೇಲೆಯೇ ಕುಣಿದಳು. ಗಣರಾಜ್ಯದವರೂ ಚಪ್ಪಾಳೆ ತಟ್ಟಿಬಿಟ್ಟರು. ದೊರೆ ನನ್ನ ದುಪಟ್ಟಾದ ಮುಂದೆ ನಿಂತು ಕೈ ಮುಗಿದ.

"ತಡ ಆಯ್ತು. ಕ್ಷಮಿಸಬೇಕು."

"ಬಟ್ ದಟ್ಸ್ ನಾಟ್ ವಾಟ್ ಹ್ಯಾಪನ್ಡ್, ತಾತಾ," ಎಂದಳು ಇರಾ.

"ಹೌದು ಪುಟ್ಟಾ. ಹಾಗಾಗ್ಲಿಲ್ಲ."

ಪಕ್ಕದ ಮನೆಯ ಬಾಗಿಲಲ್ಲಿ ಸೌಮ್ಯ ಮಗುವನ್ನು ಅವಚಿಕೊಂಡು ಅಳುತ್ತಿದ್ದಳು. ಮಂಗಳಮ್ಮ ಆ ಮಧ್ಯಾಹ್ನ ತೀರಿಕೊಂಡಿದ್ದರು.

ಆಮೇಲೆ ಸೀಟು ಸಲೀಸಾಗಿ ಸಿಕ್ಕಿತು. ಹೊರಡುವ ದಿನ ಟ್ಯಾಕ್ಸಿಯ ಹತ್ತಿರ ನಿಂತು, "ಬೇಗ ಊರು ಸೇರ್ಕೊಳ್ಳಿ ಮೇಷ್ಟ್ರೇ," ಎಂದೆ, ಬೇರೆ ಮಾತು ತೋಚದೆ.

"ನಿಧಾನಕ್ಕೆ ಹೋದ್ರಾಯ್ತಮ್ಮ. ನನ್ನನ್ನ ಕಾಯೋರು ಯಾರಿದಾರೆ?" ಎಂದರು. ಯಾರೊಡನೆ 'ನಾವು' ಎನ್ನುತ್ತಿದ್ದರೋ ಅವರು ಹೋಗಿಬಿಟ್ಟಿದ್ದರು. ಮಫ್ಲರನ್ನು ಇರಾಳ ತಲೆಗೆ ಸುತ್ತಿ, ಪೇಟದ ಹಾಗೆ ತುದಿ ಸಿಕ್ಕಿಸಿ, ಕಾರು ಹತ್ತಿದರು. ಮತ್ತೆ ನಾವು ಅವರನ್ನು ನೋಡಲಿಲ್ಲ. ಮುಂದಿನ ವರ್ಷ ಮೈಸೂರಿನಲ್ಲಿ ಅವರೂ ಹೋದರು.

ಈಗ ನಾನು ಮತ್ತೆ ಸ್ಯಾಂಡಿಫರ್ಡಿನ ಆಫೀಸಿಗೆ ಹೋಗುತ್ತೇನೆ. ಲುವಾಸ್ ಟ್ರಾಮ್ ಬದಲಿಸಿ, ರೈಲು ಹಿಡಿದು ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಉದ್ದಕ್ಕೆ ಬೆಳೆದ ಇರಾ ಅದೇ ಬೆಂಚಿನ ಮೇಲೆ ನಿಂತಿರುತ್ತಾಳೆ. "ಅಮ್ಮ ಬಂದ್ಲಾ?" ಎಂದು ಅವಳಪ್ಪ ಒಳಗಿನಿಂದ ಕೇಳಿದರೆ, ನಾನು ಕಣ್ಣೆದುರಿಗಿದ್ದರೂ "ಇನ್ನೂ ಬಂದಿಲ್ಲ" ಎನ್ನುತ್ತಾಳೆ. ನಾನು ಬ್ಯಾಗು ಕೆಳಗಿಟ್ಟು ಕೈ ಮುಗಿಯಬೇಕು. ತಡ ಆಯ್ತು, ಕ್ಷಮಿಸಬೇಕು ಎನ್ನಬೇಕು. ಆಗಲೇ ಅವಳು ಕೆಳಗಿಳಿಯುವುದು.

ಅವಳು ಕಾದಿದ್ದಾಳೆ, ನಾನು ಬಂದಿದ್ದೇನೆ. ಮೇಷ್ಟ್ರು ಬಯಸಿದ್ದು ಇಷ್ಟೇ.